ಬದಿಯಡ್ಕ ಪೇಟೆಗೆ ಅಡಿಕೆ ಒಯ್ಯುವ ಮುನ್ನ

ತೀರ್ಪು ಮೊದಲೇ ಹೇಳಿಬಿಡೋಣ. ನಾಲ್ಕಾರು ಗೋಣಿ ಚಾಲಿ (ಒಣಗಿಸಿ ಸುಲಿದ ಹಣ್ಣಡಿಕೆ) ಮಾರಿ, ಅದೇ ಫೇರಿಯಲ್ಲಿ ಮೈಲುತುತ್ತು (ತಾಮ್ರದ ಸಲ್ಫೇಟು), ಸುಣ್ಣ, ಪಂಪಿನ ವಾಶರು, ಮನೆಯ ಸಾಮಾನು ಎಲ್ಲ ಮುಗಿಸಿ ಮಧ್ಯಾಹ್ನದ ಊಟಕ್ಕೆ ಮನೆ ಸೇರಬೇಕು ಎನ್ನುವ ಕೃಷಿಕನಿಗೆ ಕಾಸರಗೋಡಿನ ಒಳನಾಡಿನಲ್ಲಿ ಬದಿಯಡ್ಕದಷ್ಟು ಅನುಕೂಲದ ಪೇಟೆ ಇನ್ನೊಂದಿಲ್ಲ. ಪೆರ್ಲ ಚಿಕ್ಕದು. ಮುಳ್ಳೇರಿಯ ಆ ಕಡೆಯವರಿಗೆ ಸರಿ. ಕಾಸರಗೋಡು ನಗರದಲ್ಲಿ ಗೋಣಿ ಇಳಿಸಲು ಜಾಗ ಹುಡುಕುವುದೇ ಒಂದು ಕೆಲಸ. ಆದರೆ ಇದೇ ಬದಿಯಡ್ಕದಲ್ಲಿ, ಒಂದೇ ದಿನ, ಹೆಚ್ಚುಕಡಿಮೆ ಒಂದೇ ಥರದ ಅಡಿಕೆ ಕೊಟ್ಟ ಇಬ್ಬರು ಬೇರೆ ಬೇರೆ ಮೊತ್ತ ಎಣಿಸಿಕೊಂಡು ಹೋಗುತ್ತಾರೆ. ವ್ಯತ್ಯಾಸ ಫಲಕದ ದರದಲ್ಲಿಲ್ಲ. ಗೋಣಿಯ ಬಾಯಿ ಹೊಲಿಯುವ ಮೊದಲು ಮನೆಯ ಚಾವಡಿಯಲ್ಲಿ ನಡೆದ, ಅಥವಾ ನಡೆಯದೇ ಹೋದ ಕೆಲಸದಲ್ಲಿದೆ. ಈ ಬರಹದ ಬಹುಪಾಲು ಅದಕ್ಕೇ ಮೀಸಲು. ಪೇಟೆ ಹೇಗೆ ಹುಟ್ಟಿತು ಎನ್ನುವುದನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಇಲ್ಲಿನ ವ್ಯಾಪಾರದ ಗುಣದೋಷಗಳೆಲ್ಲ ಆ ಹುಟ್ಟಿನಿಂದಲೇ ಬಂದವು.

ಅಡ್ಕ ಎಂದರೆ ಮುರಕಲ್ಲಿನ ಬೋಳು ಬಯಲು. ಮಳೆಗಾಲದಲ್ಲಿ ಗೇಣುದ್ದ ಹುಲ್ಲು, ಬೇಸಗೆಯಲ್ಲಿ ಕಾದ ಕಲ್ಲು, ಗುದ್ದಲಿ ಬಿದ್ದರೆ ಕಿಡಿ. ಬೆಳೆಗೆ ಬಾರದ ಈ ನೆಲದ ಮೇಲೆಯೇ ಪೇಟೆಗಳು ಎದ್ದವು: ಬದಿಯಡ್ಕ, ಉಕ್ಕಿನಡ್ಕ, ಏತಡ್ಕ, ಗಡಿಯಾಚೆಯ ಅಡ್ಯನಡ್ಕ. ತೋಟಗಳೆಲ್ಲ ಕೆಳಗೆ, ಎರಡು ಗುಡ್ಡೆಗಳ ನಡುವಿನ ಬೈಲಿನಲ್ಲಿ, ತೋಡಿನ ಆಚೀಚೆ. ಗುಡ್ಡೆಯ ಮೈಗೆ ಅಡ್ಡವಾಗಿ ಆಳು ನಿಂತು ನಡೆಯುವಷ್ಟು ಎತ್ತರಕ್ಕೆ ಸುರಂಗ ಕೊರೆದು, ಒಸರಿದ ನೀರನ್ನು ತಾನಾಗಿ ಇಳಿಜಾರಿನಲ್ಲಿ ಮದಕಕ್ಕೆ ಹರಿಸಿ ಬದುಕಿದ ಅಡಿಕೆ ಮರಗಳವು. ಬೈಲಿನ ಕೆಸರಿನಲ್ಲಿ ಗಾಡಿ ಹೂಳುತ್ತದೆ, ಅಡ್ಕದ ಕಲ್ಲಿನ ಮೇಲೆ ಹೂಳುವುದಿಲ್ಲ. ಹಾಗಾಗಿ ಬೆಳೆ ಕೆಳಗೆ, ದಾರಿ ಮೇಲೆ. ತಲೆಹೊರೆಯಲ್ಲಿ ಅಡ್ಕಕ್ಕೆ ಹತ್ತಿಸಿದ ಅಡಿಕೆ ಅಲ್ಲಿಂದ ಗಾಡಿ ಏರಿ ಕುಂಬಳೆಗೋ ಕಾಸರಗೋಡಿಗೋ ಇಳಿಯುತ್ತಿತ್ತು. ಹತ್ತುವುದಕ್ಕೂ ಇಳಿಯುವುದಕ್ಕೂ ನಡುವೆ ನಿಲ್ಲುವ ಜಾಗ ಎಲ್ಲಿದೆಯೋ ಅಲ್ಲಿ ಒಂದು ಬೆಲ್ಲ-ನೀರಿನ ಕಟ್ಟೆ, ಒಂದು ಜೀನಸಿನ ಅಂಗಡಿ, ಆಮೇಲೆ ಅಡಿಕೆ ತೂಗುವ ತಕ್ಕಡಿ. ಮಲೆಕರಾವಳಿಯ ಅಡಿಕೆ ಪೇಟೆಗಳೆಲ್ಲ ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ ಹುಟ್ಟಿದವು.

ಬದಿಯಡ್ಕದ ಅದೃಷ್ಟವೆಂದರೆ ಕೂಡುರಸ್ತೆ. ಚೆರ್ಕಳದಿಂದ ಪೆರ್ಲ, ಅಡ್ಕಸ್ಥಳ, ವಿಟ್ಲದ ಮೇಲೆ ಕಲ್ಲಡ್ಕಕ್ಕೆ ಹೋಗುವ ದಾರಿಯೂ, ಕುಂಬಳೆಯಿಂದ ಸೀತಾಂಗೋಳಿಯಾಗಿ ಮುಳ್ಳೇರಿಯಕ್ಕೆ ಹೋಗುವ ದಾರಿಯೂ ಇಲ್ಲಿ ಸಂಧಿಸುತ್ತವೆ. ಏತಡ್ಕದ ಮೇಲೆ ಸುಳ್ಯಪದವಿನ ಕಡೆಗೆ ಇನ್ನೊಂದು ಕವಲು. ಒಂದು ದಾರಿ ಕಡಲಿಗೆ, ಒಂದು ಘಟ್ಟದ ಬುಡಕ್ಕೆ, ಒಂದು ಪುತ್ತೂರಿಗೆ. 1907ರಲ್ಲಿ ಮಂಗಳೂರಿನವರೆಗೆ ರೈಲು ಬಂದಾಗ ಕಾಸರಗೋಡು, ಕುಂಬಳೆ ಎರಡೂ ಹಳಿಯ ಮೇಲಿನ ಊರುಗಳಾದವು. ಒಳನಾಡಿನ ಸರಕು ಎರಡರಲ್ಲಿ ಯಾವ ನಿಲ್ದಾಣಕ್ಕೆ ಹೋಗುವುದಿದ್ದರೂ ಹೆಚ್ಚಾಗಿ ಬದಿಯಡ್ಕ ದಾಟಿಯೇ ಹೋಗುತ್ತಿತ್ತು. ಪಕ್ಕದ ಪೆರಡಾಲ, ನೀರ್ಚಾಲುಗಳಲ್ಲಿ ಶಾಲೆಗಳು ಎದ್ದವು. ನೀರ್ಚಾಲಿನ ಮಹಾಜನ ಸಂಸ್ಕೃತ ಕಾಲೇಜಿಗೆ ಶತಮಾನ ತುಂಬಿ ಆಗಿದೆ. ಪೆರಡಾಲದ ಶಾಲೆಯಲ್ಲಿ ಮೇಷ್ಟರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು ಕವಿಯಾಗಿ, ಕೃಷಿಕರಾಗಿ, ಕಾಸರಗೋಡಿನ ಕನ್ನಡ ಹೋರಾಟದ ಮುಂದಾಳಾಗಿ ನೂರು ವರ್ಷ ಬಾಳಿದ್ದು ಇದೇ ಪರಿಸರದಲ್ಲಿ.

ಆಮೇಲೆ 1956ರ ನವೆಂಬರ್ 1. ಅಲ್ಲಿಯವರೆಗೆ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿದ್ದ ಕಾಸರಗೋಡು ಕೇರಳಕ್ಕೆ ಸೇರಿತು; 1957ರಿಂದ ಕಣ್ಣೂರು ಜಿಲ್ಲೆಯಲ್ಲಿ, 1984ರ ಮೇ 24ರಿಂದ ತನ್ನದೇ ಜಿಲ್ಲೆಯಾಗಿ. ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದು ಗಡಿ ವಿವಾದ ನೋಡಲು ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಹೇಳಿತು, ಆಗಲಿಲ್ಲ. ರಾಜಕೀಯ ಬದಿಗಿರಲಿ, ಅಡಿಕೆಯ ಮಟ್ಟಿಗೆ ಇದರ ಅರ್ಥ ಇಷ್ಟೆ: ಬೆಳೆ ಕೇರಳದಲ್ಲಿ, ಅದರ ದರ ಹುಟ್ಟುವುದು ಮಂಗಳೂರು–ಪುತ್ತೂರುಗಳಲ್ಲಿ. 2020ರ ಮಾರ್ಚಿನಲ್ಲಿ ಕೊರೋನಾ ತಡೆಗೆಂದು ಕರ್ನಾಟಕದವರು ಗಡಿಯ ಒಳದಾರಿಗಳಿಗೆ ಲಾರಿಗಟ್ಟಲೆ ಮಣ್ಣು ಸುರಿದಾಗ, ಬದಿಯಡ್ಕದಂಥ ಪೇಟೆಯ ಉಸಿರು ಯಾವ ಕಡೆಯಿಂದ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಾಯಿತು.

ಇನ್ನೊಂದು ವ್ಯತ್ಯಾಸವೂ ಇದೆ. ಇದನ್ನು ಹೊಸದಾಗಿ ತೋಟ ಕೊಂಡು ಬಂದವರು ಗಮನಿಸುವುದಿಲ್ಲ. ಕೇರಳದಲ್ಲಿ ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ಕಾಯ್ದೆಯೇ ಇಲ್ಲ. ಹಾಗಾಗಿ ಬದಿಯಡ್ಕದಲ್ಲಿ ಮಾರುಕಟ್ಟೆ ಪ್ರಾಂಗಣ, ಹರಾಜುಕಟ್ಟೆ, ಸೆಸ್ಸು ಯಾವುದೂ ಇಲ್ಲ. ಗೋಣಿಯನ್ನು ನೇರ ಅಂಗಡಿಗೆ ಇಳಿಸುವುದು, ಅಲ್ಲೇ ಮಾತು, ಅಲ್ಲೇ ತೂಕ. ಇದರಿಂದ ಕೆಲಸ ಬೇಗ ಆಗುತ್ತದೆ. ಆದರೆ ತೂಕದಲ್ಲೋ ದರದಲ್ಲೋ ಜಗಳ ಬಂದರೆ ತೀರ್ಮಾನಿಸಲು ಮಾರುಕಟ್ಟೆ ಸಮಿತಿ ಎಂಬುದೊಂದು ಇಲ್ಲ. ಬೇಡ ಎನಿಸಿದರೆ ಗೋಣಿ ಕಟ್ಟಿ ಎದ್ದು ಬರುವುದೇ ಕೃಷಿಕನ ಕೈಯಲ್ಲಿರುವ ಅಸ್ತ್ರ. ಆ ಅಸ್ತ್ರಕ್ಕೆ ಹರಿತ ಬಂದದ್ದು ಅಡಿಕೆ ಬೆಳೆಗಾರರ ಸಹಕಾರಿಯಾದ ಕ್ಯಾಂಪ್ಕೋದಿಂದ. 1970ರ ದಶಕದ ಆರಂಭದಲ್ಲಿ ಅಡಿಕೆ ದರ ನೆಲ ಕಚ್ಚಿತು, ಕೊಳ್ಳುವವರು ಹೇಳಿದ್ದೇ ಬೆಲೆ ಎನ್ನುವ ಸ್ಥಿತಿ. ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ, ಕೇರಳ–ಕರ್ನಾಟಕ ಎರಡೂ ರಾಜ್ಯಗಳನ್ನು ಒಳಗೊಂಡ ಸಹಕಾರಿ ಸಂಸ್ಥೆ 1973ರ ಜುಲೈ 11ರಂದು ಮಂಗಳೂರಿನಲ್ಲಿ ಹುಟ್ಟಿತು. ಅಡಿಕೆ ತೋಟದ ಎಡೆಯಲ್ಲಿ ಉಮೇದಿನಿಂದ ನೆಟ್ಟ ಕೊಕ್ಕೊಗೆ ಆ ದಶಕದ ಕೊನೆಗೆ ಕೊಳ್ಳುವವರಿಲ್ಲದಾದಾಗ ಅದನ್ನೂ ಕೈಗೆತ್ತಿಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ಕಟ್ಟಿತು. ಬದಿಯಡ್ಕದಲ್ಲಿ ಅದರ ಖರೀದಿ ಶಾಖೆ ಇದೆ. ಅಲ್ಲಿಗೆ ಮಾರದವನಿಗೂ ಅದರಿಂದ ಉಪಕಾರವುಂಟು: ಫಲಕದಲ್ಲಿ ಒಂದು ದರ ಬರೆದಿರುವಾಗ ಪಕ್ಕದ ಖಾಸಗಿ ಅಂಗಡಿಯವನು ಅದಕ್ಕಿಂತ ತೀರಾ ಕೆಳಗೆ ಇಳಿಯಲಾರ.

ಇನ್ನು ಮುಖ್ಯ ವಿಷಯ. ಗೋಣಿ ಅಂಗಡಿಗೆ ಬಂದಾಗ ಏನಾಗುತ್ತದೆ?

ಬಾಯಿ ಬಿಚ್ಚಿ ನೆಲಕ್ಕೆ ಸುರಿಯುತ್ತಾರೆ. ಮೇಲೆ ಕಂಡದ್ದನ್ನು ನೋಡುವುದಿಲ್ಲ, ಕೈಯಾಡಿಸಿ ಅಡಿಯದನ್ನು ಮೇಲಕ್ಕೆ ತರುತ್ತಾರೆ. ಹಿಡಿ ಅಡಿಕೆ ಎತ್ತಿ ಒಂದಕ್ಕೊಂದು ಬಡಿದು ಸದ್ದು ಕೇಳುತ್ತಾರೆ. ಚೆನ್ನಾಗಿ ಒಣಗಿದ್ದು ಕಲ್ಲಿನಂತೆ ಕಟಕಟ, ಹಸಿ ಇದ್ದದ್ದು ಮರದಂತೆ ಡಬಡಬ. ನಾಲ್ಕೈದನ್ನು ಅಡಕತ್ತರಿಯಲ್ಲಿ ಸೀಳಿ ಒಳಗನ್ನು ನೋಡುತ್ತಾರೆ. ಬಿಳಿಯ ಮೈಯಲ್ಲಿ ಕಂದು ಗೆರೆಗಳು ಸ್ಪಷ್ಟವಾಗಿದ್ದರೆ ಒಳ್ಳೆಯದು. ನಡುವೆ ಕಪ್ಪಾಗಿ ಮೆತ್ತಗಿದ್ದರೆ, ಅಥವಾ ಕತ್ತರಿ ಸಿಡಿಯದೆ ಜಾರಿದರೆ, ಒಣಗು ಸಾಲದು. ಇಷ್ಟರಲ್ಲಿ ಅವರ ಮನಸ್ಸಿನಲ್ಲಿ ದರ ನಿಂತಾಗಿರುತ್ತದೆ. ಮುಂದಿನ ಮಾತೆಲ್ಲ ಉಪಚಾರ.

ಅವರು ಹುಡುಕುವುದು ಮುಖ್ಯವಾಗಿ ಮೂರನ್ನು. ಪಟೋರ: ಬಿರುಕು ಬಿಟ್ಟದ್ದು, ಮೈ ಒಡೆದದ್ದು. ಉಳ್ಳಿಗಡ್ಡೆ: ಬಲಿಯುವ ಮುಂಚೆ ಉದುರಿ ಸೊರಗಿದ್ದು, ಕೈಗೆ ಹಗುರ. ಕರಿಗೋಟು: ಮಳೆಗೆ ನೆನೆದೋ ಕೊಳೆಯಿಂದಲೋ ಕಪ್ಪಾದದ್ದು. ಮೂರಕ್ಕೂ ಬೇರೆ ಬೇರೆ ದರ ಇದೆ, ಮೂರೂ ಮಾರಾಟವಾಗುತ್ತವೆ. ತೊಂದರೆ ಬರುವುದು ಒಳ್ಳೆಯದರೊಂದಿಗೆ ಬೆರೆತಾಗ. ವ್ಯಾಪಾರಿ ಮುಂದೆ ತನ್ನ ಗೋದಾಮಿನಲ್ಲಿ ಎಲ್ಲವನ್ನೂ ಗಾರ್ಬಲ್ ಮಾಡಿಸಬೇಕು. ಗಾತ್ರಕ್ಕೆ ತಕ್ಕಂತೆ ಮೋಟಿ, ಶ್ರೀವರ್ಧನ, ಜಾಮ್, ಜೀನಿ ಎಂದು ಬೇರ್ಪಡಿಸಿ ಉತ್ತರಕ್ಕೆ ಕಳಿಸಬೇಕು. ಆ ಕೂಲಿಯನ್ನೂ ತಪ್ಪು ಅಂದಾಜಿನ ಅಪಾಯವನ್ನೂ ಅವನು ಮೊದಲೇ ಕೃಷಿಕನ ದರದಲ್ಲಿ ಹಿಡಿಯುತ್ತಾನೆ. ಹಿಡಿಯುವಾಗ ಯಾವತ್ತೂ ತನ್ನ ಕಡೆಗೇ ಹೆಚ್ಚು ಹಿಡಿಯುತ್ತಾನೆ; ವ್ಯಾಪಾರವೆಂದರೆ ಅದೇ ತಾನೆ.

ಲೆಕ್ಕ ಹಾಕಿ ನೋಡೋಣ. ದರಗಳು ಕೇವಲ ಲೆಕ್ಕದ ಅನುಕೂಲಕ್ಕೆ. 100 ಕೆ.ಜಿ. ಅಡಿಕೆಯಲ್ಲಿ 82 ಕೆ.ಜಿ. ಒಳ್ಳೆಯ ಚಾಲಿ, 10 ಪಟೋರ, 5 ಉಳ್ಳಿಗಡ್ಡೆ, 3 ಕರಿಗೋಟು ಇದೆ ಎಂದುಕೊಳ್ಳಿ. ಚಾಲಿಗೆ 400 ರೂಪಾಯಿ, ಪಟೋರಕ್ಕೆ 300, ಉಳಿದೆರಡಕ್ಕೆ 200 ಎಂದಾದರೆ, ಬೇರ್ಪಡಿಸಿ ಕೊಟ್ಟವನಿಗೆ 32,800, 3,000, 1,000, 600 ಸೇರಿ 37,400 ರೂಪಾಯಿ. ಬೆರಕೆಯಾಗಿ ಸುರಿದವನಿಗೆ ‘ಸರಾಸರಿ 360ಕ್ಕೆ ಮಾಡುವ’ ಎಂಬ ಮಾತು ಬರುತ್ತದೆ: 36,000. ಕ್ವಿಂಟಾಲಿಗೆ 1,400 ರೂಪಾಯಿ ನೆಲದ ಮೇಲೆಯೇ ಉಳಿಯಿತು. ಮನೆಯಲ್ಲಿ ಗೆರಸಿ ಹಿಡಿದು ಕೂತರೆ ಕ್ವಿಂಟಾಲು ಬೇರ್ಪಡಿಸುವುದು ಒಬ್ಬರಿಗೆ ಹೆಚ್ಚೆಂದರೆ ಅರ್ಧ ದಿನದ ಕೆಲಸ. ಅರ್ಧ ದಿನಕ್ಕೆ ಅಷ್ಟು ಸಂಬಳ ಕೊಡುವ ಬೇರೆ ಕೆಲಸ ಈ ಸೀಮೆಯಲ್ಲಿಲ್ಲ.

ಗೋಣಿಯ ಅಡಿಯಲ್ಲಿ ಕರಿಗೋಟು, ಮೇಲೆ ಚೊಕ್ಕ ಚಾಲಿ ತುಂಬಿಸುವ ಜಾಣರೂ ಇದ್ದಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಈ ಪೇಟೆಗೆ ಅಕ್ಷರಶಃ ಹೊಂದುತ್ತದೆ. ಒಮ್ಮೆ ಸಿಕ್ಕಿಬಿದ್ದವನ ಗೋಣಿಯನ್ನು ಮುಂದೆ ಹತ್ತು ವರ್ಷ ಪೂರ್ತಿ ಸುರಿದೇ ನೋಡುತ್ತಾರೆ, ಅಷ್ಟೇ ಅಲ್ಲ, ಒಳ್ಳೆಯ ಮಾಲಿಗೂ ಎರಡು ರೂಪಾಯಿ ಹಿಡಿದೇ ಮಾತು ಶುರುಮಾಡುತ್ತಾರೆ.

ಒಣಗಿನ ವಿಷಯದಲ್ಲಿ ಕೃಷಿಕರ ಲೆಕ್ಕ ಹೆಚ್ಚಾಗಿ ತಪ್ಪುತ್ತದೆ. ತುಂಬ ಒಣಗಿಸಿದರೆ ತೂಕ ಹೋಗುತ್ತದೆ ಎಂದು ನಾಲ್ಕು ಬಿಸಿಲು ಮುಂಚೆಯೇ ಎತ್ತಿಡುವುದುಂಟು. ಹಣ್ಣಡಿಕೆಯನ್ನು ಅಂಗಳದಲ್ಲಿ ಒಂದೇ ಪದರಾಗಿ ಹರಡಿ, ವಾರಕ್ಕೊಮ್ಮೆಯಾದರೂ ಮಗುಚಿ, 40ರಿಂದ 45 ಬಿಸಿಲು ಕೊಡಬೇಕು. ಅಲ್ಲಾಡಿಸಿದರೆ ಒಳಗಿನ ಗೋಟು ಸಿಪ್ಪೆಗೆ ಬಡಿದು ಗಿಲಕಿಯಂತೆ ಸದ್ದು ಮಾಡಬೇಕು. ಕಡಿಮೆ ಮಾಡಿದ ಆ ನಾಲ್ಕು ಬಿಸಿಲಿನಿಂದ ಉಳಿಯುವ ತೂಕ ಕ್ವಿಂಟಾಲಿಗೆ ಎರಡು ಮೂರು ಕೆ.ಜಿ., ಕಳೆಯುವ ದರ ಪ್ರತಿ ಕೆ.ಜಿ.ಗೂ. ಮೇಲಾಗಿ ಹಸಿ ಅಡಿಕೆ ಗೋಣಿಯಲ್ಲಿ ಬೆವರಿ ಬೂಸು ಹಿಡಿದರೆ ಚಾಲಿ ಎಂದು ಹೋದದ್ದು ಪಟೋರದ ದರಕ್ಕೆ ಇಳಿಯುತ್ತದೆ. ಸೋಲಾರ್ ಗೂಡು ಕಟ್ಟಿಕೊಂಡವರು ಬೇರೆಯೇ ತಪ್ಪು ಮಾಡುತ್ತಾರೆ: ಮಾಡಿನ ಅಡಿಯ ಬಿಸಿಗಾಳಿ ಹೊರಹೋಗಲು ಎರಡೂ ಬದಿ ತೆರವು ಬಿಡದೆ ಮುಚ್ಚುತ್ತಾರೆ. ರಾತ್ರಿ ಆವಿ ಪ್ಲಾಸ್ಟಿಕ್ಕಿನಿಂದ ತೊಟ್ಟಿಕ್ಕಿ, ಒಣಗಿದ ಸಿಪ್ಪೆಯ ಮೇಲೆ ಕಪ್ಪು ಚುಕ್ಕಿ ಬೀಳುತ್ತದೆ.

ದರಕ್ಕಾಗಿ ಕಾಯುವವರು ಸುಲಿಯದೆ ಸಿಪ್ಪೆಗೋಟಾಗಿಯೇ ಅಟ್ಟಕ್ಕೆ ಹಾಕುವುದು ಜಾಣತನ. ಸಿಪ್ಪೆಯೇ ಅದರ ಅಂಗಿ, ಹುಳ ಬೇಗ ತಾಗುವುದಿಲ್ಲ. ವರ್ಷ ದಾಟಿದರೆ ಹಳೆ ಅಡಿಕೆ, ಇನ್ನೂ ಕಾದರೆ ಡಬಲ್ ಚೋಲ್. ಇವಕ್ಕೆ ಹೊಸ ಅಡಿಕೆಗಿಂತ ಹೆಚ್ಚಿನ ದರ ಸಾಮಾನ್ಯ, ಆದರೆ ತೂಕ ಇಳಿಯುವುದನ್ನೂ ಹಣ ಸಿಕ್ಕಿಬಿದ್ದಿರುವುದನ್ನೂ ಆ ಹೆಚ್ಚಳದಿಂದ ಕಳೆಯಬೇಕು. ಸುಲಿದಿಡಲೇಬೇಕು ಎಂದಾದರೆ ಗೋಣಿಯೊಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿ ಬಿಗಿದು, ನೆಲಕ್ಕೆ ತಾಗದಂತೆ ಮರದ ಹಲಗೆಯ ಮೇಲಿಡಬೇಕು. ಮಳೆಗಾಲದಲ್ಲಿ ‘ಒಮ್ಮೆ ನೋಡುವ’ ಎಂದು ಬಿಚ್ಚುವ ಚಪಲ ಬೇಡ. ಬಿಚ್ಚಿದ ಗೋಣಿಗೆ ಜುಲೈಯ ಗಾಳಿ ಹೊಕ್ಕರೆ ಮತ್ತೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ.

ದರದ ಸುದ್ದಿ ಓದುವವರಿಗೆ ಒಂದು ಮಾತು. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೇಂದ್ರ ಸರ್ಕಾರ ಕೆ.ಜಿ.ಗೆ 251ರಿಂದ 351 ರೂಪಾಯಿಗೆ ಏರಿಸಿತು. ಇದು ಇಲ್ಲಿನ ಕೃಷಿಕನಿಗೆ ಸಿಗುವ ಖಾತ್ರಿ ದರವಲ್ಲ. ಅದಕ್ಕಿಂತ ಅಗ್ಗದ ಹೊರಗಿನ ಮಾಲು ಸುಲಭವಾಗಿ ಒಳಗೆ ಬಾರದಿರಲಿ ಎಂಬ ಬೇಲಿ. ಬೇಲಿ ಇದೆ ಎಂದು ಗೋಣಿಯನ್ನು ಅಟ್ಟದಲ್ಲಿ ಮರೆಯಬಾರದು.

ತೂಕಕ್ಕೆ ಬಂದರೆ, ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಹಳೆಯ ಹೆಬ್ಬೆರಳಿನ ಕೈಚಳಕಗಳು ಹೋಗಿವೆ. ಈಗ ನೋಡಬೇಕಾದದ್ದು ಮೂರೇ. ತಕ್ಕಡಿಗೆ ಆ ವರ್ಷದ ಸರ್ಕಾರಿ ಮುದ್ರೆ ಬಿದ್ದಿದೆಯೇ. ಗೋಣಿ ಇಡುವ ಮೊದಲು ಸೊನ್ನೆ ತೋರಿಸುತ್ತದೆಯೇ. ಗೋಣಿಯ ತೂಕವನ್ನು ಬಾಯಲೆಕ್ಕದಲ್ಲಿ ಕಳೆಯದೆ ಖಾಲಿ ಗೋಣಿ ಇಟ್ಟು ಕಳೆಯುತ್ತಾರೆಯೇ. ಮನೆಯಲ್ಲಿ ತೂಗಿ ಗೋಣಿಯ ಮೇಲೆ ಬರೆದು ತಂದರೆ ಅರ್ಧ ವಾದ ಅಲ್ಲಿಗೇ ಮುಗಿಯುತ್ತದೆ. ತಾನು ಬೆಳೆದದ್ದನ್ನು ಮಾರುವ ಕೃಷಿಕನಿಗೆ ಜಿಎಸ್‌ಟಿ ನೋಂದಣಿ ಬೇಡ, ಅದು ಕೊಳ್ಳುವವನ ತಲೆನೋವು. ಆದರೆ ನಗದಿನ ವಿಷಯದಲ್ಲಿ ಎಚ್ಚರ ಬೇಕು: 2017ರಿಂದ ಒಬ್ಬರಿಂದ ಒಂದೇ ದಿನ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಆದಾಯ ತೆರಿಗೆ ಕಾಯ್ದೆಯ ಪ್ರಕಾರ ತಪ್ಪು, ದಂಡ ಬೀಳುವುದು ಪಡೆದವನಿಗೆ. ಆರೇಳು ಕ್ವಿಂಟಾಲು ಒಟ್ಟಿಗೆ ಮಾರುವವರು ಬ್ಯಾಂಕಿಗೇ ಹಾಕಿಸಿಕೊಳ್ಳುವುದು ಲೇಸು. ‘ಚೀಟಿ ಬರೆದಿಡುವ, ದರ ಏರಿದಾಗ ವ್ಯಾಪಾರ ಮುಗಿಸುವ’ ಎಂದು ಮಾಲು ಇಳಿಸಿ ಬರುವ ಪದ್ಧತಿ ಈ ಕಡೆಯ ಪೇಟೆಗಳಲ್ಲಿ ಹಳೆಯದು. ನಂಬಿಕೆಯ ಮೇಲೆ ನಡೆಯುತ್ತದೆ, ಹೆಚ್ಚಿನ ಸಲ ನಡೆದೂ ಹೋಗುತ್ತದೆ. ಆದರೂ ಚೀಟಿಯಲ್ಲಿ ತೂಕ, ಅಡಿಕೆಯ ಜಾತಿ, ತಾರೀಕು, ಸಹಿ ನಾಲ್ಕೂ ಇರಲಿ. ಬರೀ ತೂಕ ಬರೆದ ತುಂಡುಕಾಗದ ಪಂಚಾಯಿತಿಕೆಗೂ ಸಾಲದು.

ಸುಲಿಯುವ ಸೇವೆಗೆ ಮಧ್ಯಮ ಅಂಕ. ಮೊದಲಿನಂತೆ ಮೆಟ್ಟುಕತ್ತಿಯ ಮುಂದೆ ಸಾಲಾಗಿ ಕೂತು ಸುಲಿಯುವವರು ಕಡಿಮೆಯಾಗಿದ್ದಾರೆ. ಈಗ ಪಿಕಪ್ಪಿನಲ್ಲಿ ಯಂತ್ರ ತಂದು ಅಂಗಳದಲ್ಲೇ ಸುಲಿದು, ಸುಲಿದ ಅಡಿಕೆಯ ಕೆ.ಜಿ. ಲೆಕ್ಕದಲ್ಲಿ ಮಜೂರಿ ಪಡೆದು ಹೋಗುತ್ತಾರೆ. ಯಂತ್ರ ಕೆಟ್ಟದ್ದಲ್ಲ, ಆದರೆ ಅದಕ್ಕೆ ಗರಿಗರಿ ಸಿಪ್ಪೆ ಬೇಕು. ಬೆಳಗ್ಗಿನ ಇಬ್ಬನಿಯ ಸಿಪ್ಪೆ ನಾರು ನಾರಾಗಿ ಸುತ್ತಿಕೊಂಡು ಯಂತ್ರ ನಿಲ್ಲುತ್ತದೆ, ಅಥವಾ ಅಡಿಕೆ ಅರೆಸುಲಿದು ಹೊರಬೀಳುತ್ತದೆ. ಆದ್ದರಿಂದ ಹಿಂದಿನ ದಿನ ಇಡೀ ಬಿಸಿಲಿಗೆ ಹರಡಿ, ಯಂತ್ರ ಬರುವ ದಿನ ಹತ್ತು ಗಂಟೆಯ ಮೇಲೆ ಕೆಲಸ ಶುರುಮಾಡಿಸಬೇಕು. ಗಾತ್ರ ಬೇರ್ಪಡಿಸದೆ ಸುರಿದರೆ ಅಲಗಿನ ಅಂತರ ದೊಡ್ಡ ಅಡಿಕೆಗೆ ಹೊಂದಿಸಿದಾಗ ಚಿಕ್ಕದು ಹಾಗೇ ಜಾರುತ್ತದೆ, ಚಿಕ್ಕದಕ್ಕೆ ಹೊಂದಿಸಿದಾಗ ದೊಡ್ಡದು ಗಾಯವಾಗುತ್ತದೆ. ಗಾಯದ ಅಡಿಕೆ ಪಟೋರದ ರಾಶಿಗೆ. ಮಂಗಳ, ಮೋಹಿತ್‌ನಗರ, ಊರಿನ ತಳಿ ಎಲ್ಲ ಒಂದೇ ತೋಟದಲ್ಲಿರುವವರು ಜರಡಿಯಲ್ಲಿ ಎರಡು ಪಾಲು ಮಾಡಿ ಕೊಟ್ಟರೆ ಸಾಕು. ಮೊದಲ ಹತ್ತು ನಿಮಿಷ ಯಂತ್ರದ ಬಾಯಿಯ ಹತ್ತಿರವೇ ನಿಂತು ಒಡೆದದ್ದನ್ನು ಎಣಿಸಿ. ಹಿಡಿಗೆ ಒಂದಕ್ಕಿಂತ ಹೆಚ್ಚಿದ್ದರೆ ನಿಲ್ಲಿಸಿ ಅಲಗು ಸರಿಮಾಡಿಸಿ. ಸಂಜೆ ಹೇಳಿದರೆ ‘ಅಡಿಕೆಯೇ ಹಾಗೆ’ ಎಂಬ ಉತ್ತರ ಸಿದ್ಧವಿರುತ್ತದೆ.

ಮೇ ತಿಂಗಳ ಕೊನೆಯ ಬದಿಯಡ್ಕ ಬೇರೆಯೇ ಊರು. ಮದ್ದಿನ ಅಂಗಡಿಗಳ ಮುಂದೆ ಜೀಪು ಸಾಲು, ಎಲ್ಲರ ಬಾಯಲ್ಲೂ ಮೈಲುತುತ್ತು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುವ ಜಿಲ್ಲೆಯಲ್ಲಿ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು–ಸುಣ್ಣ ಕಲಸಿದ ಮದ್ದು) ಬಿಟ್ಟರೆ ಗತಿಯಿಲ್ಲ. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನಕ್ಕೆ ಇನ್ನೊಂದು, ಮಳೆ ಎಳೆದರೆ ಮೂರನೆಯದು. ಅಂಗಡಿಯಲ್ಲಿ ಮೈಲುತುತ್ತಿನ ಬ್ರಾಂಡಿನ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವವರು ಸುಣ್ಣವನ್ನು ಸಿಕ್ಕಿದಲ್ಲಿ ಕೊಳ್ಳುತ್ತಾರೆ. ಮದ್ದು ಕೆಡುವುದು ಹೆಚ್ಚಾಗಿ ಸುಣ್ಣದಿಂದ. ಗಾಳಿಗೆ ಬಿಟ್ಟು ತಾನಾಗಿ ಪುಡಿಯಾದ ಹಳೆ ಸುಣ್ಣಕ್ಕೆ ಕಸುವಿಲ್ಲ. ನೀರು ಹಾಕಿದಾಗ ಕುದಿಯುವ ಗಟ್ಟಿ ಚಿಪ್ಪುಸುಣ್ಣವೋ, ಮುದ್ರೆ ಒಡೆಯದ ಚೀಲದ ಸುಣ್ಣವೋ ಬೇಕು.

200 ಲೀಟರಿನ ಬ್ಯಾರಲಿಗೆ 2 ಕೆ.ಜಿ. ಮೈಲುತುತ್ತು, 2 ಕೆ.ಜಿ. ಸುಣ್ಣ. ತುತ್ತನ್ನು 100 ಲೀಟರಿನಲ್ಲಿ ಹಿಂದಿನ ರಾತ್ರಿಯೇ ಬಟ್ಟೆಯಲ್ಲಿ ಕಟ್ಟಿ ತೂಗಹಾಕಿದರೆ ಬೆಳಗ್ಗೆ ಕರಗಿರುತ್ತದೆ. ಪ್ಲಾಸ್ಟಿಕ್ ಬ್ಯಾರಲೇ ಬೇಕು, ಕಬ್ಬಿಣದ್ದಾದರೆ ತಾಮ್ರವೆಲ್ಲ ಅದಕ್ಕೇ ಅಂಟುತ್ತದೆ. ಇನ್ನೊಂದು ಬ್ಯಾರಲಿನಲ್ಲಿ 100 ಲೀಟರ್ ಸುಣ್ಣದ ಹಾಲು, ಸೋಸಿದ್ದು. ಸುಣ್ಣದ ನೀರಿಗೆ ತುತ್ತಿನ ನೀರನ್ನು ಕಡೆಯುತ್ತ ಹೊಯ್ಯಬೇಕು, ತಿರುಗುಮುರುಗಾದರೆ ಹರಳು ದಪ್ಪಗಾಗಿ ನಾಜಲು ಕಟ್ಟುತ್ತದೆ. ಬಣ್ಣ ಆಕಾಶನೀಲಿ. ಹೊಳಪಿನ ಕತ್ತಿಯ ತುದಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪು ಲೇಪ ಕಂಡರೆ ಹುಳಿ ಉಳಿದಿದೆ, ಇನ್ನಷ್ಟು ಸುಣ್ಣ ಬೇಕು. ಹಾಗೇ ಬಿಟ್ಟರೆ ಎಳೆ ಕಾಯಿ ಸುಟ್ಟು ಉದುರುತ್ತದೆ, ಆಮೇಲೆ ಕೊಳೆಯೆಂದು ಇನ್ನೊಮ್ಮೆ ಮದ್ದು ಬಿಡುವ ಎಡವಟ್ಟು. ಕಲಸಿದ ದಿನವೇ ಮುಗಿಸಬೇಕು. ಒಂಬತ್ತಡಿಗೆ ಒಂಬತ್ತಡಿ ಅಂತರದಲ್ಲಿ ಎಕರೆಗೆ 550 ಮರ ಎಂದಿಟ್ಟುಕೊಂಡರೆ, ನಾಲ್ಕೈದು ಬ್ಯಾರಲಿನ ಸಾಮಾನು ಒಂದು ಸಲಕ್ಕೆ. ಎರಡು ಸಲದ್ದನ್ನು ಒಟ್ಟಿಗೇ ಕೊಳ್ಳಿ. ಜುಲೈಯಲ್ಲಿ ಕೊಳೆ ಎದ್ದಾಗ ಕಪಾಟು ಖಾಲಿ ಇರುವುದುಂಟು.

ಎಲೆಚುಕ್ಕಿ ರೋಗಕ್ಕೆ ಇದೇ ಬೋರ್ಡೋವನ್ನು ನೆಚ್ಚಿ ಕೂತರೆ ಸಾಲದು. ಪ್ರೊಪಿಕೊನಜೋಲ್ ಲೀಟರಿಗೆ 1 ಮಿ.ಲೀ. ಎಂಬುದು ಸಂಶೋಧನಾ ಕೇಂದ್ರದ ಶಿಫಾರಸು. ಸಂಶಯವಿದ್ದರೆ ಎಲೆಯ ತುಂಡನ್ನು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಗೋ ಅದರ ವಿಟ್ಲದ ಕೇಂದ್ರಕ್ಕೋ ತೋರಿಸುವುದು ಒಳ್ಳೆಯದು. ಕೌಂಟರಿನಲ್ಲಿ ನಿಂತವನು ಹೇಳುವ ಎರಡು ಮೂರು ಬಾಟಲಿಯ ಬೆರಕೆಗೆ ತಲೆಯಾಡಿಸಬೇಡಿ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನಿನ ಬಾಧೆ ಉಂಡ ಪಂಚಾಯತುಗಳ ಪಟ್ಟಿಯಲ್ಲಿ ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರುಗಳ ಜೊತೆ ಬದಿಯಡ್ಕವೂ ಇದೆ. ಬಾಟಲಿಯ ಲೇಬಲನ್ನು ಎರಡು ಸಲ ಓದುವುದಕ್ಕೆ ಈ ಊರಿಗಿಂತ ಹೆಚ್ಚಿನ ಕಾರಣ ಯಾರಿಗೂ ಇರಲಾರದು.

ಕಾರ್ಬನ್ ಫೈಬರ್ ದೋಟಿ ಕೊಳ್ಳಲು ಬಂದವರಿಗೆ ಒಂದೇ ಎಚ್ಚರಿಕೆ. ಅದು ಹಗುರ, ನೆಲದಲ್ಲೇ ನಿಂತು ಕೊಯ್ಯಬಹುದು, ಮದ್ದೂ ಬಿಡಬಹುದು, ಎಲ್ಲ ನಿಜ. ಆದರೆ ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ. ತೋಟದ ಮೇಲೆ ತಂತಿ ಹಾದುಹೋಗಿರುವ ಕಡೆ ಅದನ್ನು ಎತ್ತಲೇಬಾರದು. ಹಿಡಿಯ ಬಳಿಯ ಲೇಪವನ್ನು ನಂಬುವುದೂ ಬೇಡ. ಕೊಳ್ಳುವಾಗ ಪೂರ್ತಿ ಬಿಡಿಸಿ, ಎತ್ತಿ, ತುದಿ ಎಷ್ಟು ಬಾಗುತ್ತದೆ ನೋಡಿ, ಕೀಲುಗಳ ಬಿಡಿಭಾಗ ಇದೇ ಪೇಟೆಯಲ್ಲಿ ಸಿಗುತ್ತದೆಯೇ ಕೇಳಿ. ಕೊಯ್ಲಿನ ನಡುವೆ ಒಂದು ಕ್ಲಾಂಪಿಗಾಗಿ ಮಂಗಳೂರಿಗೆ ಓಡುವುದು ದುಬಾರಿ.

ಅಡಿಕೆ ಬಿಟ್ಟು ಉಳಿದವು ಚುಟುಕಾಗಿ. ಹಸಿ ಕೊಕ್ಕೊ ಒಡೆದ ದಿನವೇ ತರಬೇಕು, ನಡುದಿಂಡು, ಸಿಪ್ಪೆಯ ಚೂರು ಇರಬಾರದು. ಖರೀದಿಯ ವಾರ ಯಾವುದೆಂದು ಫೋನಿನಲ್ಲಿ ಕೇಳಿಯೇ ಒಡೆಯಿರಿ. ಕಾಳುಮೆಣಸಿಗೆ ಲೀಟರ್ ತೂಕ ನೋಡುತ್ತಾರೆ: ಲೀಟರಿಗೆ 550 ಗ್ರಾಂ ಬಂದರೆ ತಲೆಯೆತ್ತಿ ಮಾತಾಡಬಹುದು, ಜೊಳ್ಳು ತೂರದೆ ತಂದರೆ ತಲೆ ತಗ್ಗಿಸಬೇಕು. ರಬ್ಬರು, ತೆಂಗು ಎರಡಕ್ಕೂ ಗಿರಾಕಿಗಳಿದ್ದಾರೆ, ಹೇಳಿಕೊಳ್ಳುವ ವಿಶೇಷವಿಲ್ಲ.

ಕಚೇರಿಗಳ ಸಂಗತಿ ಸ್ವಲ್ಪ ಕಹಿ. 1987ರಿಂದ ಕೇರಳದ ಪ್ರತಿ ಪಂಚಾಯತಿಗೂ ಒಂದು ಕೃಷಿಭವನವಿದೆ, ಸಬ್ಸಿಡಿ ಸುಣ್ಣ, ಗಿಡ, ಬೆಳೆವಿಮೆ ಎಲ್ಲ ಅದರ ಮೂಲಕ. ತೀರ್ವೆ (ಭೂಕಂದಾಯ) ರಶೀದಿಯ ಪ್ರತಿ, ಆಧಾರ್, ಪಾಸ್‌ಬುಕ್ ಮೂರನ್ನು ಬ್ಯಾಗಿನಲ್ಲಿ ಸದಾ ಇಟ್ಟುಕೊಂಡರೆ ಎರಡನೇ ಸಲ ಬರುವುದು ತಪ್ಪುತ್ತದೆ. ತೀರ್ವೆ ಆ ಆರ್ಥಿಕ ವರ್ಷದ್ದೇ ಆಗಿರಬೇಕು. ತೊಡಕು ಭಾಷೆಯದು. ಈ ಪೇಟೆಯಲ್ಲಿ ದರ ಕುದುರುವುದು ತುಳುವಿನಲ್ಲಿ, ರಶೀದಿ ಇಂಗ್ಲಿಷಿನಲ್ಲಿ, ಅರ್ಜಿ ಮಲಯಾಳದಲ್ಲಿ. ಕನ್ನಡದಲ್ಲಿ ಬರೆದರೆ ತೆಗೆದುಕೊಳ್ಳುತ್ತಾರೋ ಎಂದು ಹಿಂಜರಿಯುವವರು ತಿಳಿದಿರಬೇಕಾದದ್ದು: 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕಾಸರಗೋಡಿನ ಕನ್ನಡ ಅಲ್ಪಸಂಖ್ಯಾತರು ಇಲ್ಲಿನ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಹಕ್ಕು ಇರುವುದು ಒಂದು, ಮೇಜಿನ ಆಚೆ ಕನ್ನಡ ಓದಬಲ್ಲವರು ಇರುವುದು ಇನ್ನೊಂದು. ಆದರೂ ಕನ್ನಡದಲ್ಲಿ ಬರೆದು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಯಾರೂ ಬರೆಯದಿದ್ದರೆ ಓದುವವರನ್ನು ನೇಮಿಸುವ ಅಗತ್ಯವೂ ಯಾರಿಗೂ ಕಾಣುವುದಿಲ್ಲ.

ಪೇಟೆ ಈಗ ಉದ್ದಕ್ಕೆ ಬೆಳೆಯುತ್ತಿದೆ. ಪೆರ್ಲದ ದಾರಿಯ ಉಕ್ಕಿನಡ್ಕದಲ್ಲಿ 2013ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಬಿದ್ದ ಮೇಲೆ ಅಡ್ಕದ ನೆಲಕ್ಕೂ ಸೆಂಟ್ಸಿನ ಲೆಕ್ಕ ಶುರುವಾಯಿತು. ಅಡಿಕೆಯ ಗೋಣಿ ಇಳಿಸುವ ಕಡೆ ಕಾರು ನಿಲ್ಲುತ್ತದೆ ಎಂಬುದು ಸದ್ಯದ ದೂರು. ಹಾಗಾಗಿ ಮಾಲು ತರುವವರು ಒಂಬತ್ತೂವರೆಯ ಒಳಗೆ ಬಂದರೆ ಲೇಸು. ಶುಕ್ರವಾರ ಮಧ್ಯಾಹ್ನ ಜುಮಾ ನಮಾಜಿನ ಹೊತ್ತಿಗೆ ಹಲವು ಅಂಗಡಿ ಮುಚ್ಚಿರುತ್ತವೆ, ಭಾನುವಾರ ಬರುವುದರಲ್ಲಿ ಅರ್ಥವಿಲ್ಲ. ಹರತಾಳದ ಸುದ್ದಿಯನ್ನು ಹಿಂದಿನ ರಾತ್ರಿಯೇ ನೋಡಿಕೊಳ್ಳಿ, ಏಳು ದಿನದ ಮುನ್ಸೂಚನೆ ಬೇಕೆಂದು ಕೇರಳ ಹೈಕೋರ್ಟು 2019ರಲ್ಲಿ ಹೇಳಿದ್ದರೂ ದಿಢೀರ್ ಹರತಾಳ ನಡೆದದ್ದುಂಟು. ಎರಡು ಗೋಣಿಯೊಳಗಾದರೆ ಆಟೋ ಸಾಕು, ಹೆಚ್ಚಿದ್ದರೆ ನೆರೆಯವರೊಂದಿಗೆ ಸೇರಿ ಪಿಕಪ್ಪು ಮಾಡಿದರೆ ಬಾಡಿಗೆ ಅರ್ಧ. ಹಾಗೆ ಸೇರಿ ತರುವಾಗ ಗೋಣಿಯ ಬಾಯಿ ಹೊಲಿಯಲು ಬೇರೆ ಬೇರೆ ಬಣ್ಣದ ದಾರ ಬಳಸಿ. ತೂಕವಾದ ಮೇಲೆ ಖಾಲಿ ಗೋಣಿ ಕೇಳಿ ವಾಪಸು ಪಡೆಯಿರಿ, ಕೊಡವಿ ಎರಡು ಬಿಸಿಲು ಕೊಟ್ಟೇ ಮತ್ತೆ ಅಡಿಕೆ ತುಂಬಿಸಿ. ರಸಗೊಬ್ಬರ ತಂದ ಚೀಲಕ್ಕೆ ಮಾತ್ರ, ಎಷ್ಟು ತೊಳೆದಿದ್ದರೂ, ಚಾಲಿ ಹಾಕಬೇಡಿ. ಆ ವಾಸನೆ ಅಂಗಡಿಯವನ ಮೂಗಿಗೆ ಬಾಯಿ ಬಿಚ್ಚುವ ಮೊದಲೇ ಗೊತ್ತಾಗುತ್ತದೆ.